ಹದಿನಾಲ್ಕನೇ ಕೋಣೆಯ ಯಂತ್ರ

ಕುತಾಯಿಸಿಯ ಹಳೇ ಪೇಟೆ, ಔಷಧಿ ಅಂಗಡಿಯ ಹಿಂದೆ,
ನಾನು ಹಲ್ಲು ಮಾಡುವವನು.
ಬಾಯಿಗಳ ಅಚ್ಚು ಬರುತ್ತವೆ, ಮುಖಗಳು ಬರುವುದಿಲ್ಲ.

ನನ್ನ ಕಂಪ್ಯೂಟರ್ ಬಂದದ್ದು ಜರ್ಮನಿಯಿಂದ, ಲಾರಿಯಲ್ಲಿ,
ಬಾಗಿಲು ಮುಚ್ಚಿದ ಕಚೇರಿಯೊಂದರ ಕುರ್ಚಿ ಬೀರುಗಳ ಜೊತೆ.
ಒಳ್ಳೆಯ ಕಾರ್ಡನ್ನು ಕಿತ್ತುಕೊಂಡೇ ಮಾರಿದ್ದರು.
ಪಕ್ಕೆಯ ಮೇಲೆ ಇನ್ನೂ ಚೀಟಿಯಿದೆ: ಕೋಣೆ ಹದಿನಾಲ್ಕು.
ಒಳಗೆ, ಅಳಿಸಲು ಮರೆತ ಒಂದೇ ಕಡತ,
ಯಾವುದೋ ನದಿಯ ಮೇಲಿನ ಸೇತುವೆ.
ತೆರೆಯಲು ಹೋದರೆ ನಡುನೀರಿನಲ್ಲಿ ಕೈಚೆಲ್ಲುತ್ತಿತ್ತು.

ಸೇತುವೆ ಬರೆದ ಯಂತ್ರ ನನ್ನಲ್ಲಿ ಹಲ್ಲಿನ ಬ್ರಿಜ್ ಬರೆಯಿತು.
ದವಡೆ ಹಲ್ಲನ್ನು ಪರದೆಯ ಮೇಲೆ ತಿರುಗಿಸಿದರೆ
ಮಂಡಿನೋವಿನ ಮುದುಕ ಮೆಟ್ಟಿಲಿಳಿದಂತೆ
ನಿಂತು, ಮತ್ತೆ ನಿಂತು,
ಫ್ಯಾನಿನ ಏದುಸಿರು.
ಅಷ್ಟು ಹೊತ್ತು ನಾನು ಚಹಾಕ್ಕೆ ನೀರಿಟ್ಟು
ಅಂಗಳದಲ್ಲಿ ಲಾಮಾರಾ ಬಟ್ಟೆ ಹರವುವುದನ್ನು ನೋಡುತ್ತಿದ್ದೆ.
ಕಿಟಕಿಯಿಂದಲೇ ಎರಡು ಮಾತು. ಹೆಚ್ಚೇನಿಲ್ಲ.

ಮೇಲ್ಮನೆಯ ತೆಕ್ಲೆ, ಹದಿನಾರರ ಹುಡುಗಿ, ಹೇಳಿದಳು:
"ಹೊಸದು ಬೇಡ ಮಾಮ, ಇದರ ಎಲುಬು ಗಟ್ಟಿ.
ಪ್ರೊಸೆಸರ್ ಬದಲಿಸೋಣ, ಗ್ರಾಫಿಕ್ಸ್ ಕಾರ್ಡ್ ಹಾಕೋಣ."
ಒಂದು ಕಾಲಕ್ಕೆ ನನ್ನ ಕಾರಿನ ಬೆಲೆಯಿದ್ದ ಚಿಪ್ಪು
ಎರಡು ಕೋಳಿಯ ಬೆಲೆಗೆ ಅಂಚೆಯಲ್ಲಿ ಬಂತು,
ಯಾವುದೋ ಸತ್ತ ಸರ್ವರಿನ ತಲೆಯಿಂದ.
ಹಲ್ಲಿದ್ದಾಗ ಕಡಲೆಯಿಲ್ಲ ಅನ್ನುತ್ತಾರಲ್ಲ,
ಇಲ್ಲಿ ಕಡಲೆ ಬರುವ ಹೊತ್ತಿಗೂ
ನಾಲ್ಕಾರು ಹಲ್ಲು ಉಳಿದಿದ್ದವು.

ಭಾನುವಾರ ಯಂತ್ರ ಮೇಜಿನ ಮೇಲೆ ಮಗ್ಗುಲಾಯಿತು.
ಹೊಟ್ಟೆ ತೆರೆದರೆ ಹತ್ತು ವರ್ಷದ ಧೂಳು,
ಅರ್ಧ ಜರ್ಮನಿಯದು, ಅರ್ಧ ನನ್ನ ಪ್ಲಾಸ್ಟರ್ ಪುಡಿ.
ಹೀಟ್‌ಸಿಂಕ್ ಜಪ್ಪಯ್ಯ ಅನ್ನಲಿಲ್ಲ,
ಪೇಸ್ಟ್ ಒಣಗಿ ಗಾರೆಯಾಗಿತ್ತು.
ಕಸುಬಿನ ಮಾತು ತಾನಾಗಿ ಬಾಯಿಗೆ ಬಂತು:
"ಎಳೀಬೇಡ. ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ.
ಬೇರು ತಾನೇ ಬಿಡುತ್ತೆ."
ಬಿಟ್ಟಿತು.
ಕೆಳಗೆ ಎರಡು ಸಾವಿರ ಪಿನ್ನುಗಳು,
ಗಾಳಿಗೆ ಒಂದೇ ಕಡೆ ಬಾಗಿದ ಚಿನ್ನದ ಹುಲ್ಲು.
ಇದರಲ್ಲೊಂದು ಮುರಿದರೆ
ಕಟ್ಟಿಕೊಡುವ ವಿದ್ಯೆ ನನಗೂ ಗೊತ್ತಿಲ್ಲ.

ಹೊಸದು ಕೂತಿತು. ಗುಂಡಿ ಒತ್ತಿದೆವು.
ಕಪ್ಪು ಪರದೆ, ಮೂರು ಬೀಪ್.
ತೆಕ್ಲೆ ಹಣೆ ಚಚ್ಚಿಕೊಂಡಳು: "ಬಯೋಸ್! ಇದಕ್ಕೆ ಹೊಸಬರ ಗುರುತೇ ಇಲ್ಲ."
ಮತ್ತೆ ಹಳೆಯದನ್ನೇ ಕರೆದು ಕೂರಿಸಿ
ಅದರ ಕೈಯಿಂದಲೇ
ಅದರ ಜಾಗಕ್ಕೆ ಬರುವವನ ಹೆಸರು ಬರೆಸಿದೆವು.
ಕರೆಂಟು ಹೋದರೆ ಎಲ್ಲ ಹೋಯಿತು.
ನಾನು ಮೂರು ಸಲ ಶಿಲುಬೆ ಗುರುತು ಹಾಕಿಕೊಂಡೆ,
ದೇವರಿಲ್ಲ ಅನ್ನುವ ತೆಕ್ಲೆ ಒಂದು ಸಲ.

ಆಮೇಲೆ ಕಾರ್ಡು. ಒಂದು ಬೆರಳು ಉದ್ದ!
ಡಿಸ್ಕು ಇಡುವ ತಗಡಿನ ಗೂಡು ಅಡ್ಡ.
ಅಳತೆ ತಪ್ಪಿದ್ದು ಅವಳು, ಗೂಡು ಬಿಚ್ಚಿ
ಅಂಗಳಕ್ಕೊಯ್ದು ಕೊಯ್ದದ್ದು ನಾನು,
ಲೋಹದ ಹಲ್ಲು ಸವರುವ ಸಣ್ಣ ಚಕ್ರದಲ್ಲಿ.
ಅಂಚಿಗೆ ಪಾಲಿಶನ್ನೂ ಕೊಟ್ಟೆ.
"ಒಳಗಿರೋದು, ಯಾರು ನೋಡ್ತಾರೆ?" ಅಂದಳು.
ನಾಲಿಗೆಗೆ ತಾಗುತ್ತೆ, ಅಂದೆ.

ಸಂಜೆ, ಬೆರಳು ಸೋಕಿದ್ದಷ್ಟೇ,
ದವಡೆ ಹಲ್ಲು ಬುಗುರಿಯಾಯಿತು.
ಗುಲಿಕೋ ಅಜ್ಜಿಯ ಬ್ರಿಜ್ ಏಳೇ ನಿಮಿಷ.
ಒಲೆಯ ಮೇಲೆ ನೀರು ಇನ್ನೂ ಸದ್ದು ಮಾಡಿರಲಿಲ್ಲ.

ಆಗ ಆ ಕಡತ ತೆರೆದೆ.
ಮೊಳೆ ಮೊಳೆಯೂ ಸ್ಪಷ್ಟ. ದೀಪದ ಕಂಬಗಳು.
ಕೊಡೆ ಹಿಡಿದ ಒಬ್ಬಳನ್ನೂ ಯಾರೋ ನಿಲ್ಲಿಸಿದ್ದರು, ಅಳತೆಗೆಂದು.
ಅವಳಿಂದ ನಾಲ್ಕು ಹೆಜ್ಜೆ ಮುಂದೆ ಸೇತುವೆ ಮುಗಿದಿತ್ತು.
ಯಂತ್ರದ ತಪ್ಪಲ್ಲ.
ಹದಿನಾಲ್ಕನೇ ಕೋಣೆಯವರು ಬರೆದದ್ದೇ ಅಷ್ಟು.

ಹಳೆಯ ಚಿಪ್ಪನ್ನು ಜೇಬಿಗಿಳಿಸಿ ತೆಕ್ಲೆ ಹೊರಟಳು.
ಅಂಗಳದಲ್ಲಿ ಲಾಮಾರಾ ಮೊದಲ ಹಾಸಿಗೆ ಬಟ್ಟೆ ಕೊಡವುತ್ತಿದ್ದಳು.
ಕಾಯುವ ನೆಪ ಇನ್ನಿಲ್ಲ.
ಕಿಟಕಿ ತೆಗೆದು ಕೇಳಿದೆ,
ಮಡಚೋಕೆ ಇನ್ನೊಂದು ತುದಿ ಹಿಡೀಲಾ?
ಅವಳು ಏನೋ ಅಂದಳು, ಫ್ಯಾನಿನ ಸದ್ದಿಲ್ಲದಿದ್ದರೂ ಕೇಳಿಸಲಿಲ್ಲ.
ಲೋಟ ಎರಡು ತೊಳೆದೆ.