ಮೂರು ಫೇಸಿನ ಹೊತ್ತು

ಮಂಡ್ಯದ ದೊಡ್ಡಾಸ್ಪತ್ರೆ ಡಾಕ್ಟರು
ಚೀಟಿಯಲ್ಲಿ ಬರೆದದ್ದು ಒಂದೇ ಮಾತು:
ಬಿಸಿಲಿಗೆ ಹೋಗಬೇಡಿ.
ಕೆರಗೋಡಲ್ಲಿ ಬಸ್ಸಿಳಿದಾಗ ಮಟಮಟ ಮಧ್ಯಾಹ್ನ.
ಆ ಚೀಟಿಯನ್ನೇ ಹಣೆಗೆ ಅಡ್ಡ ಹಿಡಿದೆ.

ಹತ್ತು ನಿಮಿಷ ಸಾಕು, ಮೊಣಕೈ ಕೆಳಗೆ
ಎಳ್ಳು ಚೆಲ್ಲಿದ ಹಾಗೆ ಗುಳ್ಳೆ,
ಆಮೇಲೆ ಮೂರು ದಿನ ಉರಿ.
ಮಾರವ್ವ ಬೇವು ಅರೆದು ಹಚ್ಚಿದಳು,
ಯಾರೋ ನಾಗದೋಷ ಅಂದರು,
ಹೆಣ್ಣು ನೋಡಲು ಬಂದವರು
ತುಂಬುತೋಳಿನ ರವಿಕೆ ನೋಡಿ
ಕಾಫಿ ಬಿಟ್ಟೆದ್ದರು.

ಈಗ ಪಂಪಿಗೆ ಕರೆಂಟು ರಾತ್ರಿ ಒಂದೂವರೆಗೆ.
ಊರ ಗಂಡಸರು ಮಗ್ಗುಲು ಬದಲಿಸುವಾಗ
ಸನಿಕೆ ಹಿಡಿದು ನಾನು ಗದ್ದೆಗೆ.
ನಮ್ಮದಾದ ಮೇಲೆ ಕುಳ್ಳೇಗೌಡರದು,
ಅವರದಾದ ಮೇಲೆ ಸಣ್ಣಪ್ಪನದು,
ಎಕರೆಗೆ ಇನ್ನೂರು.
ಹಾವಿಗೆ ಟಾರ್ಚು, ಹಂದಿಗೆ ತಗಡಿನ ಡಬ್ಬ.
ಕಬ್ಬಿನ ಗರಿ ಕೊಯ್ದರೂ
ಗೀರು ಗೀರಾಗೇ ಇರುತ್ತೆ, ಉಬ್ಬುವುದಿಲ್ಲ.

ಅಣ್ಣನ ಹಳೇ ಅಂಗಿಯ ತೋಳು
ಭುಜದ ತನಕ ಮಡಿಸಿದ್ದೇನೆ.
ಬೆಳದಿಂಗಳೂ ಸೂರ್ಯನದೇ ಅಂತೆ,
ಸಣ್ಣಪ್ಪನ ಮಗಳು ಶಾಲೆಯಿಂದ ಬಂದು ಹೇಳಿದಳು.
ಇರಲಿ.
ಆರಿಸಿ ಕೊಟ್ಟರೆ ನಾನೂ ಉಣ್ಣುತ್ತೇನೆ.

ಕೋಳಿ ಕೂಗಿತು.
ಕೊನೇ ಪಾತಿಗೆ ನೀರಿನ್ನೂ ಹತ್ತಿಲ್ಲ.
ಒಂದು ತೋಳು ಇಳಿಸಿದ್ದೇನೆ,
ಇನ್ನೊಂದು ಹಾಗೇ ಇದೆ.