ಕೂರ್ಮಗಡದ ಬಳಿ ಗಾಳಿ ನಿಂತಾಗ

ಈ ಮಚವೆಯ ಹೊಟ್ಟೆಯಲ್ಲಿ ಇನ್ನೂ
ಸಾಣಿಕಟ್ಟೆಯ ಉಪ್ಪಿನ ವಾಸನೆ ಇದೆ.
ಪುರ್ಸು ತಾಂಡೇಲನ ಅಪ್ಪ ಅದನ್ನು ಮುಂಬೈಗೆ ಒಯ್ಯುತ್ತಿದ್ದನಂತೆ,
ಬರುವಾಗ ಖಾಲಿ ಬರಬಾರದೆಂದು
ಈರುಳ್ಳಿ, ಒಮ್ಮೆ ಒಂದು ಹಾರ್ಮೋನಿಯಂ.
ಈಗ ಅಲ್ಲಿ ನಮ್ಮ ದುರ್ಬೀನು, ನೀರಿನ ಸೀಸೆ,
ಅವಲಕ್ಕಿಯ ಡಬ್ಬಿ, ಮಾಜಾಳಿ ಶಾಲೆಯ
ಹನ್ನೊಂದು ಜೋಡಿ ಚಪ್ಪಲಿ.

ಎಂಜಿನ್ ಇಲ್ಲ. ಬೇಕೆಂದೇ ಇಲ್ಲ.
ಸದ್ದು ಮಾಡಿಕೊಂಡು ಹೋದರೆ ಸಮುದ್ರ
ನೆಂಟರ ಮುಂದೆ ಬಾಯಿ ಕಟ್ಟುವ ಮಗುವಿನ ಹಾಗೆ,
ಇದ್ದದ್ದನ್ನು ಹೇಳುವುದಿಲ್ಲ.
ಆದರೆ ಹಾಯಿ ನಂಬಿದವರು
ಗಾಳಿಯ ಮರ್ಜಿಯನ್ನೂ ಕಾಯಬೇಕು.
ಹತ್ತೂಕಾಲಿಗೆ ಬೆಟ್ಟದ ಗಾಳಿ ಮುಗಿಯಿತು,
ಕಡಲಿನದು ಇನ್ನೂ ಎದ್ದಿರಲಿಲ್ಲ.
ಹಾಯಿ, ಒಣಗಲು ಹಾಕಿ ಮರೆತ ಪಂಚೆ.
ನಮೂನೆಯಲ್ಲಿ ಬರೆದೆ: ವೇಗ, ಸೊನ್ನೆ.

"ಕೂತ್ಕಳಿ," ಅಂದ ಪುರ್ಸು, ಬೀಡಿ ಹಚ್ಚದೆ
ಬರೇ ಕಚ್ಚಿಕೊಂಡು. "ಅವಕ್ಕೂ ನಿಮ್ಮನ್ನ ಎಣಿಸೂದಿರ್ತದೆ."

ಮೂರು ಮಾರು ಆಳಕ್ಕೆ ಮೈಕು ಇಳಿಬಿಟ್ಟೆವು.
ಒಂದೇ ಹೆಡ್‌ಫೋನು, ಕಿವಿಯಿಂದ ಕಿವಿಗೆ.
"ಒಗ್ಗರಣೆ!" ಎಂದು ಕೂಗಿದ ಒಬ್ಬ.
ಸಾಸಿವೆ ಸಿಡಿದ ಹಾಗೆ ತಳದ ಸಿಗಡಿಗಳು ಚಟಪಟ,
ಅದರ ಹಿಂದೆ ಬೈತಕೋಲದ ಟ್ರಾಲರುಗಳ
ಮುಗಿಯದ ಗೊರಕೆ.
ಆಮೇಲೆ, ಬಹಳ ಆಮೇಲೆ,
ತುಕ್ಕು ಹಿಡಿದ ಬಾಗಿಲ ತಿರುಗಣಿಯಂಥ ಕಿರ್ರ್,
ಅದರ ತುದಿಗೊಂದು ಸಿಳ್ಳು.

ಹಂದಿಮೀನು. ನಾಲ್ಕು. ಅಲ್ಲ, ಐದು, ಒಂದು ಮರಿ
ಬೂದಿಬಣ್ಣದ್ದು, ಅಮ್ಮನ ಪಕ್ಕೆಗೆ ಅಂಟಿಕೊಂಡು.
ನಾವು ಹುಡುಕಿ ಹೋಗಿರಲಿಲ್ಲ; ಅವೇ ಬಂದು
ನಿಂತ ಮಚವೆಗೆ ಒಂದು ಸುತ್ತು ಹಾಕಿದವು.
ಉಸಿರು ಬಿಟ್ಟಾಗ ಮೀನಿನ ನಾತ;
ಮಕ್ಕಳು ಮೂಗು ಮುಚ್ಚಿ ನಕ್ಕರು.

ಕೊನೆಯದರ ಬೆನ್ನುರೆಕ್ಕೆಯಲ್ಲಿ ಆಳದ ಕಚ್ಚು.
ನಮ್ಮ ಪಟ್ಟಿಯಲ್ಲಿ ಅದು ಕಾ-ಹದಿನೇಳು,
ಎರಡು ವರ್ಷದಿಂದ ಆ ಕಚ್ಚೇ ಗುರುತು.
ಶೇವಂತಾ ಹರಿಕಂತ್ರ, ಏಳನೆಯ ಕ್ಲಾಸು,
ನನ್ನ ತೋಳು ಹಿಡಿದಳು.
"ಮೇಡಂ, ಅದು ನಮ್ಮಪ್ಪನ ಚೂರಿ."

ರಾತ್ರಿಯ ಬಲೆ. ಸಿಕ್ಕಿಕೊಂಡು ಒದ್ದಾಡುವ ಬೆನ್ನು.
ಕೊಯ್ದನಂತೆ ಬಲೆಯನ್ನೇ, ಎಂಟು ಸಾವಿರದ್ದು,
ಕತ್ತಲಲ್ಲಿ ಕೈ ಜಾರಿತಂತೆ.
ಅಮ್ಮ ನಾಲ್ಕು ದಿನ ಮಾತು ಬಿಟ್ಟಿದ್ದಳು, ಬಲೆಗಾಗಿ.
ಅಪ್ಪ ಇವತ್ತಿಗೂ ಹೇಳುವುದು:
ಸತ್ತೇ ಹೋಗಿರಬೇಕು ಅದು.

ಕಾಲಂ ಒಂಬತ್ತು: ಗಾಯದ ಕಾರಣ.
"ಬರೀಬೇಡಿ," ಅಂದಳು. "ಹೆಸರು ಬಂದ್ರೆ
ಸೊಸೈಟಿಯವರು ಕೇಳ್ತಾರೆ."
ಬರೆದೆ: ತಿಳಿದಿಲ್ಲ.
ಆರು ವರ್ಷದ ಪುಸ್ತಕಗಳಲ್ಲಿ ಇದೊಂದೇ ಸುಳ್ಳು.

ಹನ್ನೆರಡರ ಹೊತ್ತಿಗೆ ಹಾಯಿಯ ಅಂಚು ಮಿಡುಕಿತು.
ಪುರ್ಸು ಹಗ್ಗ ಬಿಗಿದ. ಶೇವಂತಾ ಇನ್ನೂ
ಹಿಂಬದಿಯಲ್ಲಿ ನಿಂತು ಬೆರಳು ಮಡಿಸುತ್ತಿದ್ದಳು:
ದಡ ಮುಟ್ಟಲು ಇಷ್ಟು, ಮನೆಗೆ ನಡೆಯಲು ಇಷ್ಟು,
ಅಷ್ಟರಲ್ಲಿ ಅಪ್ಪ ಎದ್ದಿರುತ್ತಾನೋ,
ಮಲಗಿದ್ದರೆ ಎಬ್ಬಿಸಬಹುದೋ.