ಸುಮ್ಮನಿದ್ದದ್ದರ ಲೆಕ್ಕ

ಸ್ಲೌ ಊರಿನ ಟ್ರೇಡಿಂಗ್ ಎಸ್ಟೇಟಿನಲ್ಲಿ,
ಬಿಸ್ಕತ್ತಿನ ಗೋದಾಮಿನ ಹಿಂದೆ,
ಕಿಟಕಿಯಿಲ್ಲದ ಕೋಣೆ ನಮ್ಮದು.
ಶನಿವಾರ ರಾತ್ರಿ, ಹೀಟರಿಗೂ ರಜೆ.
ಕೋಟು ಬಿಚ್ಚದೆ ಕೂತಿದ್ದೇವೆ
ನಾನು, ಗ್ಲಿನ್ ಪ್ರಾಸರ್,
ನಮ್ಮೆದುರು ಸೋಮವಾರದೊಳಗೆ ತೂಗಿ ಕೊಡಬೇಕಾದ
ಒಂದು ಸರ್ವರ್.

ತೂಗುವುದು ತಕ್ಕಡಿಯಲ್ಲಲ್ಲ.
ಪ್ಲಗ್ಗಿಗೂ ಗೋಡೆಗೂ ನಡುವೆ ಒಂದು ಮೀಟರು,
ಸೆಕೆಂಡಿಗೊಂದು ಅಂಕಿ.
ಮೊದಲು ಏನೂ ಕೆಲಸ ಕೊಡುವುದಿಲ್ಲ.
ಹತ್ತು ನಿಮಿಷ ಅದು ಸುಮ್ಮನಿರಬೇಕು,
ನಾವು ನೋಡುತ್ತಿರಬೇಕು.
ನೂರಹದಿನೇಳು ವ್ಯಾಟ್. ನೂರಹದಿನಾರು. ನೂರಹದಿನೇಳು.
ಸುಮ್ಮನಿರುವುದಕ್ಕೇ ಇಷ್ಟು ಬೇಕೇ ಎಂದು
ಕೆಲಸಕ್ಕೆ ಸೇರಿದ ವರ್ಷ ಕೇಳಿದ್ದೆ.
'ಭಾನುವಾರ ನೀನು ಉಣ್ಣುವುದಿಲ್ಲವೇ?' ಅಂದಿದ್ದ ಗ್ಲಿನ್.

ಆಮೇಲೆ ಹೊರೆ, ಮೆಟ್ಟಿಲು ಮೆಟ್ಟಿಲಾಗಿ.
ಫ್ಯಾನುಗಳದು ಮೊದಲು ಗುನುಗು, ಮತ್ತೆ ಗೊಣಗು,
ನೂರಕ್ಕೆ ನೂರಾದಾಗ ಮಾತು ಕೇಳದಷ್ಟು ಗದ್ದಲ.
ಗೋಡೆಯಿಂದ ಹೊರಟದ್ದು ಆರುನೂರ ಹನ್ನೆರಡು,
ಒಳಗಿನ ಹಲಗೆಗೆ ಮುಟ್ಟಿದ್ದು ಐನೂರ ಅರವತ್ತು.
ಉಳಿದದ್ದು ದಾರಿಯ ಸುಂಕ;
ಸುಂಕದವನ ಮುಂದೆ ಸುಖದುಃಖ ಹೇಳಿ ಫಲವೇನು?
ಮುಟ್ಟಿದ್ದೂ ಮುಟ್ಟದ್ದೂ ಕೊನೆಗೆ
ಒಂದೇ ಜಾಲರಿಯಿಂದ ಬಿಸಿಯಾಗಿ ಹೊರಬೀಳುತ್ತದೆ.
ಕೈ ಒಡ್ಡಿ ಕಾಯಿಸಿಕೊಳ್ಳುತ್ತೇನೆ.
ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಗ್ಲಿನ್ ಹಿಂದೆ ವೇಲ್ಸಿನ ಕಣಿವೆಗಳಲ್ಲಿ
ಮನೆಮನೆಯ ಮೀಟರು ಓದುತ್ತಿದ್ದವನು.
ಮೀಟರು ನಾಣ್ಯ ನುಂಗುತ್ತಿದ್ದ ಕಾಲ.
ಒಬ್ಬಳು ಮುದುಕಿ ಐವತ್ತು ಪೆನ್ನಿಯ ಅಳತೆಗೆ
ಮಂಜುಗಡ್ಡೆಯ ಬಿಲ್ಲೆ ಮಾಡಿ ತೂರಿಸುತ್ತಿದ್ದಳಂತೆ.
ಪೆಟ್ಟಿಗೆ ತೆರೆದರೆ ದುಡ್ಡಿಲ್ಲ, ತಳದಲ್ಲಿ ತುಕ್ಕು.
'ಪುಸ್ತಕದಲ್ಲಿ ಏನಂತ ಬರೆದೆ?'
'ಒದ್ದೆ ಅಂತ ಬರೆದೆ.'

ಮೂರು ಸುತ್ತು ಆಗಬೇಕು.
ಮೂರನೆಯದರ ನಡುವೆ, ಎರಡು ಗಂಟೆ ಹದಿಮೂರು ನಿಮಿಷಕ್ಕೆ,
ಮುನ್ನೂರರ ಆಸುಪಾಸಿನಲ್ಲಿ ತೆವಳುತ್ತಿದ್ದ ಗೆರೆ
ಒಮ್ಮೆಲೇ ಎರಡೂವರೆ ಸಾವಿರಕ್ಕೆ ಹಾರಿತು.
ಎದ್ದೆ. ಸುಟ್ಟ ವಾಸನೆಗೆ ಮೂಗೊಡ್ಡಿದೆ.
ತಂತಿಯ ಬೆನ್ನು ಹಿಡಿದು ಮೇಜಿನಡಿ ತೆವಳಿದೆ.
ಆ ತುದಿಯಲ್ಲಿ
ಕುದಿಯುತ್ತಿದ್ದ ಕೆಟಲು.
ಎರಡು ಕಪ್ಪು ಹಿಡಿದು ನಿಂತಿದ್ದ ಗ್ಲಿನ್,
'ಖಾಲಿ ಇದ್ದದ್ದು ಅದೊಂದೇ ಸಾಕೆಟ್ಟು.'

ಸುತ್ತು ಮತ್ತೆ ಮೊದಲಿಂದ. ಅಂದರೆ ಬೆಳಗಾಗುತ್ತದೆ.
ಬಯ್ಯಲು ಬಾಯಿ ತೆರೆದೆ, ಚಹಾ ಕೊಟ್ಟ.
ಸಕ್ಕರೆ ಜಾಸ್ತಿ. ಕುಡಿದೆ.
ಕೆಟ್ಟ ಗೆರೆಯನ್ನು ಅಳಿಸಬೇಕೆಂಬುದು ನಿಯಮ.
ಬೇರೆ ಫೈಲಿಗೆ ಹಾಕಿಟ್ಟೆ.
ಹೆಸರು ಕೇಳಿತು ಕಂಪ್ಯೂಟರು:
ಒದ್ದೆ, ಎಂದು ಬರೆದೆ.

ಮತ್ತೆ ಹತ್ತು ನಿಮಿಷ.
ಅದು ಸುಮ್ಮನಿತ್ತು. ನಾವೂ.
ನೂರಹದಿನೇಳು.
ನೂರಹದಿನಾರು.